ಮೂಲೆ ಮುರಿದ ಬೆಳಕು

ಫೆಬ್ರವರಿ ೮

ಅಕ್ಕನಿಗೆ, ಗೀಚನ ನಮಸ್ಕಾರ.

ಕಣ್ಣು ಕೆಂಪಗಾಗಿದೆ, ಬೆರಳು ನೀಲಿಯಾಗಿದೆ, ಸೀನಿದರೆ ಬಣ್ಣ ಬರುತ್ತದೆ. ಉಳಿದಂತೆ ನಾನು ಕ್ಷೇಮ. ಮೊದಲು ಭಾವನಿಗೆ ಒಂದು ಮಾತು ಹೇಳಿಬಿಡು. ಈ ಸಲ ಬಂದ ಫೋಟೋದಲ್ಲಿ ಅವರು ಕಾರಿನ ಮೇಲೆ ಬೆಳಕು ಬೀಳಿಸುವ ಬಿಳಿ ಹಲಗೆಯನ್ನು ತಲೆಯ ಮೇಲೆ ಎತ್ತಿ ಹಿಡಿದು, ಬಿಳಿ ಕಾರಿನ ಬಾಗಿಲ ತುಂಬ ಹೊಟ್ಟೆ ಮುಂದೆ ಮಾಡಿಕೊಂಡು ನಿಂತಿದ್ದಾರೆ. ಬಾಗಿಲು ಮೊದಲೇ ಉಬ್ಬು, ಅದರಲ್ಲಿ ಅವರ ಹೊಟ್ಟೆ ಇನ್ನೂ ಉಬ್ಬು. ಅಳಿಸುವುದರಲ್ಲಿ ನನಗೆ ಒಂದು ಬೆಳಗ್ಗೆ ಪೂರ್ತಿ ಹೋಯಿತು. ಸ್ವಲ್ಪ ಉಸಿರು ಬಿಗಿಹಿಡಿದು ನಿಂತರೆ ಅರ್ಧ ದಿನವಾದರೂ ಉಳಿಯುತ್ತದೆ. ಕಾರು ಕಂಪನಿಯ ಆ ಕೆಲಸಕ್ಕೆ ಅವರನ್ನು ಸೇರಿಸಿದವನು ನಾನು, ಆದ್ದರಿಂದ ಬೈಯುವ ಹಕ್ಕೂ ನನ್ನದೇ.

ಫೋಟೋ ಇರುವಾಗ ಮತ್ತೆ ಚಿತ್ರ ಯಾಕೆ ಬರೆಯಬೇಕು ಎಂದು ಕೇಳಿದ್ದೆ. ಕಾರೆಂದರೆ ನಾಲ್ಕು ಚಕ್ರದ ಕನ್ನಡಿ, ಅಕ್ಕ. ಎದುರಿಗೆ ಇರುವುದನ್ನೆಲ್ಲ ತೋರಿಸಿಬಿಡುತ್ತದೆ. ಕ್ಯಾಮೆರಾದ ಮೂರು ಕಾಲು, ಗೋಡೆ, ಕಸದ ಡಬ್ಬ, ನಿನ್ನ ಗಂಡ. ಅದನ್ನೆಲ್ಲ ತೆಗೆದು ಮೇಲೆ ಆಕಾಶ, ಕೆಳಗೆ ನೆಲ, ನಡುವೆ ಒಂದು ಕಡು ಗೆರೆ ಹಾಕಬೇಕು. ಆಗ ಕಾರು ಎಲ್ಲೋ ದೊಡ್ಡ ಬಯಲಿನಲ್ಲಿ ಒಂದೇ ನಿಂತಂತೆ ಕಾಣುತ್ತದೆ, ನೋಡಿದವನಿಗೆ ಹತ್ತಿ ಕೂರುವ ಆಸೆಯಾಗುತ್ತದೆ. ನಾವು ಬರೆಯುವ ಈ ಪ್ರತಿಬಿಂಬಕ್ಕೆ ನಮ್ಮ ಪೋಸ್ಟರ್ ಅಂಗಡಿಯಲ್ಲಿ ‘ಸುಳ್ಳು’ ಎನ್ನುತ್ತೇವೆ. ‘ಬಂಪರ್‌ಗೆ ಸುಳ್ಳು ಸಾಲ್ದು, ಇನ್ನೊಂದು ಕೈ ಹಾಕಯ್ಯ’ ಎಂದು ಯಜಮಾನರು ದಿನಕ್ಕೆ ಹತ್ತು ಸಲ ಕೂಗುತ್ತಾರೆ. ಸುಳ್ಳಿಲ್ಲದ ಕಾರು ಸೀಮೆಎಣ್ಣೆ ಡಬ್ಬದ ಹಾಗಿರುತ್ತದೆ. ನಿಜ ತೆಗೆದು ಸುಳ್ಳು ತುಂಬುವುದೇ ನಿನ್ನ ತಮ್ಮನ ಹೊಟ್ಟೆಪಾಡು.

ಫೋಟೋ ವಾಪಸ್ ಕಳಿಸು ಎಂದು ಭಾವ ಕೇಳಿದರಂತೆ. ಅದು ಉಳಿಯುವುದಿಲ್ಲ. ಗೆರೆಗಳನ್ನೆಲ್ಲ ತೆಳು ಕಾಗದಕ್ಕೆ ಇಳಿಸಿಕೊಂಡ ಮೇಲೆ ಅದೇ ಫೋಟೋವನ್ನು ಬ್ಲೇಡಿನಿಂದ ಬಾಗಿಲಿನ ಆಕಾರಕ್ಕೆ, ಚಕ್ರದ ಆಕಾರಕ್ಕೆ ಕತ್ತರಿಸಿ ಮರೆ ಮಾಡಿಕೊಳ್ಳುತ್ತೇನೆ. ಮರೆ ಇಟ್ಟು ಬಣ್ಣ ಊದಿದರೆ ಬೇಕಾದಲ್ಲಿ ಮಾತ್ರ ಬೀಳುತ್ತದೆ. ಕೆಲಸ ಮುಗಿಯುವಾಗ ಭಾವ ನಾಲ್ಕು ತುಂಡಾಗಿ ಕಸದ ಬುಟ್ಟಿಯಲ್ಲಿರುತ್ತಾರೆ. ಬೇಜಾರು ಮಾಡಿಕೊಳ್ಳಬೇಡ ಎಂದು ಹೇಳು.

ಸೊಸೆಗೆ ಮುತ್ತು.

ನಿನ್ನ ಗೀಚ


ಫೆಬ್ರವರಿ ೨೦

ಗೀಚ,

ನಿನ್ನ ಪತ್ರವನ್ನು ಭಾವ ಎರಡು ಸಲ ಓದಿಸಿಕೊಂಡರು. ಹೊಟ್ಟೆಯ ಮಾತು ಬಂದಾಗ ಮಗಳು ನಕ್ಕಳು, ಅವರು ಅಂಗಿ ಎಳೆದುಕೊಂಡು ಕೂತರು. ಆಮೇಲೆ ಹೇಳಿದ್ದು ಹೀಗೆ: ‘ನಿನ್ ತಮ್ಮ ಮೂರು ವರ್ಷದಿಂದ ನನ್ನ ಅಳಿಸ್ತಾನೇ ಇದ್ದಾನೆ. ಒಂದೇ ಒಂದು ಪೋಸ್ಟರ್‌ನಲ್ಲಿ ಬಿಟ್ಬಿಡು ಅನ್ನು. ಬೆರಳಷ್ಟು ಇದ್ರೂ ಸಾಕು. ಗೋಡೆ ಮೇಲೆ ನನ್ನ ತೋರ್ಸಿ, ನೋಡೇ ನಿಮ್ಮಪ್ಪ ಅಂತ ಹೇಳ್ಕೊಳ್ಳೋ ಆಸೆ ಇರಲ್ವಾ?’

ಈಗ ಮನೆಯೇ ಪಾಠಶಾಲೆ. ಸಂಜೆ ಸ್ಟೀಲ್ ಮುಚ್ಚಳ ಹಿಡಿದು ಮಗಳನ್ನು ಕಿಟಕಿಯ ಹತ್ತಿರ ನಿಲ್ಲಿಸುತ್ತಾರೆ. ಒಂದು ಕಡೆಯಿಂದ ಆಕಾಶ, ಇನ್ನೊಂದು ಕಡೆಯಿಂದ ಬಿಳಿ ಹಲಗೆ. ‘ಆಕಾಶದ ಬೆಳಕಿಗೆ ಅಂಚಿಲ್ಲ ಕಣಮ್ಮ, ಹಾಗೇ ಕರಗಿ ಹೋಗುತ್ತೆ. ಹಲಗೆ ಬೆಳಕಿಗೆ ಅಂಚಿರುತ್ತೆ. ಅಂಚು ಕಂಡ್ರೆ ಅಲ್ಲೊಬ್ಬ ಮನುಷ್ಯ ನಿಂತಿದ್ದಾನೆ ಅಂತ ತಿಳ್ಕೋ.’ ನನಗೂ ಬಾಯಿಪಾಠವಾಗಿಹೋಗಿದೆ. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವಾಗಲೂ ಅಂಚು ಹುಡುಕುತ್ತೇನೆ.

ನಿನ್ನೆ ಒಂದು ಎಡವಟ್ಟು ಮಾಡಿದೆ. ಕಂಪನಿಯ ಅಂಗಳದಲ್ಲಿ ಬಿಟ್ಟರೆ ಯಾರಾದರೂ ತುಳಿದಾರೆಂದು ಥರ್ಮಾಕೋಲ್ ಹಲಗೆಯನ್ನು ಅವರು ದಿನವೂ ಮನೆಗೆ ತರುತ್ತಾರಲ್ಲ, ನಾನು ಬಾಗಿಲು ದೂಡಿದ ರಭಸಕ್ಕೆ ಅದರ ಮೇಲಿನ ಮೂಲೆ ಮುರಿಯಿತು. ಅಂಗೈ ಅಗಲದ ತುಂಡು. ನಾನು ಹೆದರಿಕೊಂಡೆ. ಅವರು ಬೈಯಲಿಲ್ಲ. ‘ಬಿಡು, ಮೂಲೆ ಹೋದ್ರೆ ಬೆಳಕೇನು ಓಡಿಹೋಗುತ್ತಾ’ ಎಂದರು.

ಇಪ್ಪತ್ತಾರಕ್ಕೆ ಹೊಸ ಕೆಂಪು ಕಾರು ಬರುತ್ತದಂತೆ. ಒಂದೇ ಒಂದು ಇರುವುದು. ಬೆಳಗ್ಗೆ ತಂದು, ಅಂಗಳದ ಇಳಿಜಾರಿನಲ್ಲಿ ನಿಲ್ಲಿಸಿ ಫೋಟೋ ತೆಗೆದು, ಸಂಜೆಗೆ ವಾಪಸ್ ಒಯ್ಯುತ್ತಾರೆ. ಇಳಿಜಾರಿನಲ್ಲಿ ಆ ಮಾದರಿಯ ಬ್ರೇಕು ಸರಿಯಾಗಿ ಹಿಡಿಯುವುದಿಲ್ಲ ಎಂದು ಡ್ರೈವರ್ ಹೇಳಿದನಂತೆ. ಇವರು ಚಕ್ರಕ್ಕೆ ಕಲ್ಲು ಇಡುತ್ತೇನೆ ಅಂದರೆ, ಫೋಟೋಗ್ರಾಫರ್ ‘ಕಲ್ಲು ಕಾಣುತ್ತೆ’ ಅಂದನಂತೆ. ನಮ್ಮ ಗೀಚನಿದ್ದಾನಲ್ಲ, ಅಳಿಸುತ್ತಾನೆ ಎಂದು ಇವರು ನಗಾಡಿಕೊಂಡು ಬಂದಿದ್ದಾರೆ.

ಕೆಂಪು ಕಾರಿನಲ್ಲಿ ಉಸಿರು ಬಿಗಿಹಿಡಿಯುತ್ತಾರಂತೆ. ನೋಡಿ ಬರೆ.

ನಿನ್ನ ಅಕ್ಕ


ಮಾರ್ಚ್ ೧೨

ಗೀಚ,

ಭಾವನ ಮಣ್ಣಿಗೆ ನೀನು ಬಂದು ಮೂರು ದಿನ ಇದ್ದು ಹೋದೆ. ಆ ಮೂರು ದಿನ ನಾನು ಯಾರ ಹತ್ತಿರ ಏನು ಮಾತಾಡಿದೆನೋ ಗೊತ್ತಿಲ್ಲ. ಈಗ ಸ್ವಲ್ಪ ಗೊತ್ತಾಗುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಕಂಪನಿಯಿಂದ ಕಾಗದ ಬಂತು. ಇಪ್ಪತ್ತಾರನೇ ತಾರೀಕು ಭಾವ ಕೆಲಸಕ್ಕೇ ಬಂದಿರಲಿಲ್ಲವಂತೆ. ಬೆಳಗ್ಗೆಯೇ ಕುಡಿದು ಗೇಟಿನ ಹೊರಗಿನ ರಸ್ತೆಯಲ್ಲಿ ಅಡ್ಡಾಡುವಾಗ ಯಾವುದೋ ಲಾರಿ ಹೊಡೆದು ಹೋಯಿತಂತೆ. ಕೆಮ್ಮಿನ ಔಷಧಿಯನ್ನೂ ಮೂಗು ಹಿಡಿದು ಕುಡಿಯುವ ಮನುಷ್ಯ ಅವರು. ಆ ದಿನ ಹಲಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಮೆಟ್ಟಿಲು ಇಳಿದದ್ದನ್ನು ನಾನೇ ನೋಡಿದ್ದೇನೆ. ಹಲಗೆ ಎಲ್ಲಿ ಎಂದು ಕೇಳಿದರೆ ಯಾರೂ ಮಾತಾಡುವುದಿಲ್ಲ.

ಫೋಟೋಗ್ರಾಫರ್ ಮನೆಗೆ ಹೋಗಿದ್ದೆ. ಬಾಗಿಲು ಅರ್ಧ ತೆಗೆದು ನಿಂತ. ‘ಅವತ್ತು ಒಳ್ಳೆ ಬಿಸಿಲಿತ್ತಮ್ಮ, ಹಲಗೇನೇ ಬೇಕಾಗ್ಲಿಲ್ಲ. ಯಜಮಾನ್ರು ಬಂದೂ ಇರ್ಲಿಲ್ಲ’ ಅಂದ. ನೆಗೆಟಿವ್ ಕೇಳಿದೆ. ಕಂಪನಿಯವರು ತಗೊಂಡು ಹೋದರಂತೆ. ನಿನಗೆ ಕಳಿಸಿದ ಒಂದು ಪ್ರತಿ ಬಿಟ್ಟರೆ ಬೇರೆ ಇಲ್ಲವಂತೆ.

ಆ ಕೆಂಪು ಕಾರು ಈ ಊರಿನಲ್ಲಿ ಇದ್ದದ್ದು ಆ ಒಂದು ದಿನ. ಅದರ ಮೈಮೇಲೆ ಭಾವ ಕಂಡರೆ ಅವರು ಆ ದಿನ ಕೆಲಸದಲ್ಲಿದ್ದರು ಎಂದಾಯಿತು. ಕಾರ್ಮಿಕ ಕಚೇರಿಯಲ್ಲಿ ವಿಚಾರಣೆ ಇದೆ, ಆಧಾರ ಇದ್ದರೆ ತನ್ನಿ ಅಂದಿದ್ದಾರೆ. ನನಗೆ ಇನ್ನೇನೂ ಬೇಡ ಗೀಚ. ಶಾಲೆಯಲ್ಲಿ ಯಾರೋ ಏನೋ ಅಂದಿದ್ದಾರೆ, ಮಗಳು ಮನೆಗೆ ಬಂದು ಚೀಲವನ್ನೂ ಇಳಿಸದೆ ಕೇಳಿದಳು: ‘ಅಪ್ಪ ಕುಡೀತಿದ್ರಾ ಅಮ್ಮ?’ ಅವಳಿಗೆ ತೋರಿಸಲು ನನ್ನ ಹತ್ತಿರ ಏನೂ ಇಲ್ಲ.

ಫೋಟೋ ನಿನ್ನ ಮೇಜಿಗೆ ಬಂದಿರುತ್ತದೆ. ನೋಡು. ಕತ್ತರಿಸಬೇಡ.

ನಿನ್ನ ಅಕ್ಕ


ಮಾರ್ಚ್ ೨೯

ಅಕ್ಕನಿಗೆ ನಮಸ್ಕಾರ.

ಉತ್ತರ ತಡವಾಯಿತು. ಕೆಲಸ ತುಂಬ ಇತ್ತು. ಇಲ್ಲಿ ನೀರಿನ ತೊಂದರೆ, ಅಂಗಡಿಗೆ ಹೊಸ ಯಂತ್ರ ಬಂದಿದೆ, ಅದರ ಗಲಾಟೆ ಬೇರೆ. ಯಜಮಾನರು ನನ್ನನ್ನು ಮುಂದಿನ ತಿಂಗಳಿಂದ ಮುಖ್ಯ ಕಲಾವಿದ ಎಂದು ಮಾಡುತ್ತಾರಂತೆ.

ಫೋಟೋ ಬಂದಿತ್ತು. ನೋಡಿದೆ. ಅದರಲ್ಲಿ ಅಂಥದ್ದೇನೂ ಇಲ್ಲ, ಅಕ್ಕ. ಕಾರಿನ ಮೈಯಲ್ಲಿ ಬರೀ ಆಕಾಶ. ಕೆಲವು ಸಲ ಹಾಗೆ ಬರುತ್ತದೆ, ಕ್ಯಾಮೆರಾ ಇಟ್ಟ ಕೋನದ ಮೇಲೆ ಹೋಗುತ್ತದೆ. ನಿನಗೆ ಸಹಾಯವಾಗುವ ಹಾಗಿದ್ದರೆ ನಾನು ಸುಮ್ಮನಿರುತ್ತಿದ್ದೆನೇ? ಪತ್ರ ಬರುವ ಹೊತ್ತಿಗೆ ಕೆಲಸವೂ ಮುಗಿದಿತ್ತು, ಎಂದಿನಂತೆ ಮರೆ ಮಾಡಿಯಾಗಿತ್ತು.

ಊಟ ಬಿಡಬೇಡ. ಮಗಳನ್ನು ನೋಡಿಕೋ.

ಗೀಚ


ಏಪ್ರಿಲ್ ೧೦

ಗೀಚ,

ನೀನು ಇಲ್ಲ ಅಂದ ಮೇಲೆ ಇಲ್ಲ. ನಿನ್ನ ಕಣ್ಣಿಗಿಂತ ಚೆನ್ನಾಗಿ ನೋಡುವ ಕಣ್ಣು ನನಗೆ ಗೊತ್ತಿಲ್ಲ. ಸಣ್ಣವನಿದ್ದಾಗ ಅಪ್ಪನ ಕನ್ನಡಕದಲ್ಲಿ ಕಿಟಕಿ ಕಾಣುತ್ತದೆ ಎಂದು ಗೋಡೆಯ ಮೇಲೆ ಕನ್ನಡಕ ಗೀಚಿ, ಅದರೊಳಗೆ ಕಿಟಕಿ ಗೀಚಿ ಏಟು ತಿಂದವನು ನೀನು. ನಿನಗೆ ಕಾಣದ್ದು ಅಲ್ಲಿ ಇರಲಾರದು.

ಹಾಗಾದರೆ ಅವರು ಎಲ್ಲಿದ್ದರು? ನಾನು ನೋಡುವಾಗ ಮೆಟ್ಟಿಲು ಇಳಿದರು, ಅಷ್ಟು ನಿಜ. ಆಮೇಲೆ ಕೆಲಸಕ್ಕೆ ಹೋಗದೆ ಎಲ್ಲಿ ಹೋದರು? ಹನ್ನೊಂದು ವರ್ಷ ಸಂಸಾರ ಮಾಡಿದ್ದೇನೆ, ಈಗ ಅವರ ಅಂಗಿಗಳನ್ನು ಒಂದೊಂದಾಗಿ ಮೂಸಿ ನೋಡುತ್ತಿದ್ದೇನೆ. ಸೋಪಿನ ವಾಸನೆ ಬಿಟ್ಟರೆ ಏನೂ ಇಲ್ಲ. ಆದರೂ ಮೂಸುವುದನ್ನು ಬಿಡಲು ಆಗುತ್ತಿಲ್ಲ. ನಾಚಿಕೆಯಾಗುತ್ತದೆ. ಮಗಳು ಕೇಳಿದರೆ ಮೊದಲಿನ ಹಾಗೆ ‘ಇಲ್ಲಮ್ಮ’ ಎಂದು ಗಟ್ಟಿಯಾಗಿ ಹೇಳಲು ಬಾಯಿ ಬರುತ್ತಿಲ್ಲ.

ನೀನಾದರೂ ಹೇಳು. ಗಂಡಸರು ಗಂಡಸರ ಹತ್ತಿರ ಹೇಳಿಕೊಳ್ಳುವುದಿರುತ್ತದೆ. ಅವರು ನಿನ್ನ ಹತ್ತಿರ ಏನಾದರೂ ಅಂದಿದ್ದರಾ?

ಅಕ್ಕ


ಏಪ್ರಿಲ್ ೩೦

ಅಕ್ಕನಿಗೆ,

ಸೊಸೆಗೆ ಬಣ್ಣದ ಡಬ್ಬ ಕಳಿಸಿದ್ದೇನೆ. ಹನ್ನೆರಡು ಬಣ್ಣ ಇವೆ, ಕುಂಚ ಎರಡು.

ಭಾವ ನನ್ನ ಹತ್ತಿರ ಏನೂ ಅಂದಿರಲಿಲ್ಲ. ಆದರೆ ಮನುಷ್ಯ ಅಂದ ಮೇಲೆ ಎಲ್ಲರಿಗೂ ಒಂದು ದಿನ ಇರುತ್ತದೆ. ಭಾವನಿಗೂ ಒಂದು ದಿನ ಕಾಲು ಜಾರಿರಬಹುದು. ಅದರಿಂದ ಅವರೇನು ಕೆಟ್ಟವರಾಗುವುದಿಲ್ಲ. ನೀನು ಅದನ್ನೇ ಕೆದಕುತ್ತಾ ಕೂತರೆ ನಿನ್ನ ಆರೋಗ್ಯ ಹಾಳು. ವಿಚಾರಣೆ ಗಿಚಾರಣೆ ಎಂದು ಅಲೆಯುವುದನ್ನು ಬಿಟ್ಟು, ಮಗಳನ್ನು ಕರೆದುಕೊಂಡು ಇಲ್ಲಿಗೇ ಬಂದುಬಿಡು. ಒಂದು ಕೋಣೆ ಖಾಲಿ ಇದೆ.

ಗೀಚ


ಜೂನ್ ೧೭

ಚಿತ್ರಕಾರರಿಗೆ,

ನಿಮ್ಮ ಕೆಂಪು ಕಾರು ನಮ್ಮ ಊರಿಗೆ ಬಂದಿದೆ. ಬಸ್ ನಿಲ್ದಾಣದ ಎದುರಿನ ಗೋಡೆಗೆ ಎರಡಾಳು ಎತ್ತರಕ್ಕೆ ಅಂಟಿಸಿದ್ದಾರೆ. ಜನ ನಿಂತು ನೋಡುತ್ತಾರೆ. ನಾನೂ ಮಗಳೂ ನಿಂತೆವು.

ಬಹಳ ಚೆನ್ನಾಗಿ ಬರೆದಿದ್ದೀರಿ. ಬಾನೆಟ್ಟಿನ ಮೇಲೆ ಆಕಾಶ, ಬಾಗಿಲಿನ ಕೆಳಗೆ ನೆಲ, ನಡುವೆ ನೀವು ಹೇಳಿದ ಕಡು ಗೆರೆ. ಆಮೇಲೆ ಮುಂದಿನ ಮಡ್ಗಾರ್ಡ್ ನೋಡಿದೆ. ಮಗಳೇ ಮೊದಲು ನೋಡಿದ್ದು. ಅಲ್ಲೊಂದು ಬಿಳಿ ಬೆಳಕು ಇದೆ. ‘ಅಮ್ಮ, ಅದಕ್ಕೆ ಅಂಚಿದೆ’ ಅಂದಳು.

ಅಂಚಿದೆ. ನಾಲ್ಕು ಕಡೆಯೂ ಇದೆ. ಮೇಲಿನ ಒಂದು ಮೂಲೆ ಮಾತ್ರ ಇಲ್ಲ. ಅಂಗೈ ಅಗಲ ಮುರಿದಿದೆ.

ಆ ಮೂಲೆ ಮುರಿದವಳು ನಾನು. ಮುರಿದು ಏಳು ದಿನಕ್ಕೆ ಅವರು ಹೋದರು. ಮುರಿದ ಹಲಗೆ ಕೆಂಪು ಕಾರಿನ ಎದುರು ಇದ್ದದ್ದು ಒಂದೇ ದಿನ. ಹಲಗೆ ತಾನಾಗಿ ನಡೆದುಕೊಂಡು ಹೋಗಿ ನಿಲ್ಲುವುದಿಲ್ಲ. ಬರೀ ಆಕಾಶ ಎಂದು ಬರೆದಿದ್ದಿರಿ.

ಮನುಷ್ಯನನ್ನು ಅಳಿಸಿ ಅವನು ಹಿಡಿದಿದ್ದ ಬೆಳಕನ್ನು ಮಾತ್ರ ಇಟ್ಟುಕೊಂಡಿದ್ದೀರಿ. ಎರಡು ತಿಂಗಳು ನಾನು ಅವರ ಅಂಗಿ ಮೂಸಿದೆ. ಅದು ನಿಮಗೆ ಗೊತ್ತಿತ್ತು, ನಾನೇ ಬರೆದು ತಿಳಿಸಿದ್ದೆ. ಅದಕ್ಕೆ ನೀವು ಬಣ್ಣದ ಡಬ್ಬ ಕಳಿಸಿದಿರಿ, ಕಾಲು ಜಾರಿರಬಹುದು ಎಂದು ಬರೆದಿರಿ.

ಡಬ್ಬವನ್ನು ವಾಪಸ್ ಕಳಿಸಿದ್ದೇನೆ. ಮಗಳು ಕೆಂಪು ಒಂದನ್ನು ಉಪಯೋಗಿಸಿದ್ದಾಳೆ, ಕ್ಷಮಿಸಬೇಕು.

ಇಂತಿ,
ಬೆಳಕು ಹಿಡಿಯುವವನ ಹೆಂಡತಿ


ಜೂನ್ ೨೪

ಅಕ್ಕ,

ನೀವು ಅನ್ನಬೇಡ. ಹೊಡಿ, ಬೈ, ಎಲ್ಲ ತಿನ್ನುತ್ತೇನೆ, ನೀವು ಮಾತ್ರ ಅನ್ನಬೇಡ.

ಬರೆದುಬಿಡುತ್ತೇನೆ. ನಿನ್ನ ಊರಿನಿಂದ ನಾನು ಬಂದ ದಿನವೇ ಲಕೋಟೆ ಮೇಜಿನ ಮೇಲಿತ್ತು. ನಿನ್ನ ಪತ್ರ ಇನ್ನೂ ಬಂದಿರಲಿಲ್ಲ. ಒಡೆದೆ. ಮಡ್ಗಾರ್ಡಿನಲ್ಲಿ ಭಾವ ಇದ್ದರು. ಹಲಗೆಯನ್ನು ಎದೆಗೆ ಹಿಡಿದು ನಿಂತಿದ್ದರು. ಹಲಗೆಯ ಮೇಲೆ ತಲೆ, ಕೆಳಗೆ ಎರಡು ಕಾಲು. ಬೆನ್ನಿಗೆ ಗೋಡೆ, ಕಾರಿಗೂ ಅವರಿಗೂ ಒಂದು ಮಾರು ದೂರ. ಕಾರು ಇಳಿಜಾರಿನಲ್ಲಿ ಅವರ ಕಡೆಗೆ ಮುಖ ಮಾಡಿತ್ತು. ಚಕ್ರದ ಕೆಳಗೆ ಕಲ್ಲು ಇರಲಿಲ್ಲ. ಪಕ್ಕದಲ್ಲಿ ಬಿದ್ದಿತ್ತು, ಯಾರೋ ಕಾಲಿನಲ್ಲಿ ತಳ್ಳಿದ ಹಾಗೆ.

ನಾನು ಕುರ್ಚಿಯಲ್ಲಿ ಕೂತುಬಿಟ್ಟೆ. ಲಾರಿಯಲ್ಲ, ಏನಲ್ಲ, ಆ ಕಾರೇ. ಎಲ್ಲ ತಿಳಿಯಿತು. ಅಷ್ಟರಲ್ಲಿ ಯಜಮಾನರು ಬಂದು ಹೆಗಲ ಮೇಲಿಂದ ನೋಡಿದರು. ಅವರಿಗೂ ತಿಳಿಯಿತು ಎಂದು ಕಾಣುತ್ತದೆ. ‘ಸತ್ತವರು ಸತ್ರು. ಇದು ಹೋದ್ರೆ ಕಂಪನಿ ಕೆಲಸ ಪೂರ್ತಿ ಹೋಗುತ್ತೆ, ನೀನೂ ಹೋಗ್ತೀಯ. ಎಂಟು ದಿನದಲ್ಲಿ ಸುಳ್ಳು ಹಾಕಿ ಮುಗ್ಸು’ ಎಂದರು. ನಾನು ಹೆದರಿದೆ. ಇದಕ್ಕಿಂತ ದೊಡ್ಡ ಕಾರಣ ಇತ್ತು ಎಂದು ಬರೆಯಲು ಆಸೆ, ಆದರೆ ಇರಲಿಲ್ಲ.

ಮೊದಲು ಕಾಲು ತೆಗೆದೆ. ಆಮೇಲೆ ಗೋಡೆ. ತಲೆಯನ್ನು ಕೊನೆಗೆ ತೆಗೆದೆ. ಮೂರು ವರ್ಷದ ಅಭ್ಯಾಸ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂದುಬಿಟ್ಟಿತು. ಹಲಗೆ ತೆಗೆದರೆ ಮಡ್ಗಾರ್ಡ್ ಸತ್ತಂತೆ ಕಾಣುತ್ತಿತ್ತು. ಬೆಳಕು ಚೆನ್ನಾಗಿತ್ತು, ಬಿಟ್ಟೆ. ಮೂಲೆ ಮುರಿದಿದೆ ಎಂದು ನನ್ನ ತಲೆಗೆ ಹೊಳೆಯಲೇ ಇಲ್ಲ. ಕಂಡದ್ದನ್ನು ಕಂಡ ಹಾಗೆ ಬರೆದೆ. ಇಡೀ ಚಿತ್ರದಲ್ಲಿ ನಾನು ನಿಜವಾಗಿ ಬರೆದದ್ದು ಅದೊಂದೇ.

ಕತ್ತರಿಸಬೇಡ ಎಂಬ ನಿನ್ನ ಪತ್ರ ಬಂದಾಗ ಫೋಟೋ ಇನ್ನೂ ಇಡಿಯಾಗಿಯೇ ಇತ್ತು. ಓದಿದ ಮೇಲೆ ಕತ್ತರಿಸಿದೆ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಹಾಗೆ ಆಗಿದ್ದೇನೆ. ನಿನ್ನ ಕೈಬರಹ ಕಂಡ ದಿನ ಗೆರೆ ನೇರ ಬರುವುದಿಲ್ಲ. ತೆಳು ಕಾಗದಕ್ಕೆ ಇಳಿಸಿದ ಗೆರೆಚಿತ್ರ ನನ್ನ ಹತ್ತಿರ ಇದೆ. ಅದರಲ್ಲಿ ಭಾವ ಇದ್ದಾರೆ, ಗೋಡೆ ಇದೆ, ಕಲ್ಲು ಇದೆ. ಅದನ್ನು ತಂದು ವಿಚಾರಣೆಯಲ್ಲಿ ಎಲ್ಲ ಹೇಳುತ್ತೇನೆ. ಕೆಲಸ ಹೋದರೆ ಹೋಗಲಿ. ಯಾವತ್ತು ಬರಲಿ ಎಂದು ಒಂದು ಸಾಲು ಬರೆ.

ಗೀಚ


ಜುಲೈ ೬

ಗೀಚ,

ಬಾ. ಇಪ್ಪತ್ತೆರಡನೇ ತಾರೀಕು, ಬೆಳಗ್ಗೆ ಹನ್ನೊಂದಕ್ಕೆ.

ನಿನ್ನ ಮೇಲಿನ ಸಿಟ್ಟು ಹೋಗಿಲ್ಲ. ಅದನ್ನು ಆಮೇಲೆ ನೋಡಿಕೊಳ್ಳೋಣ. ನಿನ್ನ ಪತ್ರ ಓದಿ ಮೊದಲು ಮಾಡಿದ ಕೆಲಸ, ಮಗಳನ್ನು ಕೂರಿಸಿಕೊಂಡು ‘ಅಪ್ಪ ಕೆಲಸದಲ್ಲಿದ್ರು ಕಣೆ’ ಎಂದು ಹೇಳಿದ್ದು. ಅವಳು ‘ನಂಗೊತ್ತಿತ್ತು’ ಅಂದಳು. ಅವಳಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

ಕಚೇರಿಯವರು ಇರುವ ಆಧಾರ ಎಲ್ಲ ಮೊದಲೇ ಕೊಡಿ ಅಂದರು. ನಿನ್ನ ಪತ್ರಗಳ ಕಟ್ಟನ್ನು ಇದ್ದ ಹಾಗೇ ಕೊಟ್ಟು ಬಂದೆ. ಮೊದಲನೆಯದರಲ್ಲಿ ಭಾವ ಫೋಟೋದಲ್ಲಿ ಇರುತ್ತಿದ್ದರು, ನೀನು ಅಳಿಸುತ್ತಿದ್ದೆ ಎಂದು ಸ್ಪಷ್ಟವಾಗಿದೆಯಲ್ಲ, ಅದಕ್ಕಿಂತ ಒಳ್ಳೆಯ ಆಧಾರ ಯಾವುದು? ಗುಮಾಸ್ತ ಎಲ್ಲದರ ಮೇಲೂ ಠಸ್ಸೆ ಒತ್ತಿ ನಂಬರ್ ಹಾಕಿದ.

ಒಂದು ಕೇಳಬೇಕು. ಆ ಫೋಟೋದಲ್ಲಿ ಅವರ ಮುಖ ಹೇಗಿತ್ತು?

ಅಕ್ಕ


ಜುಲೈ ೧೩

ಅಕ್ಕನಿಗೆ,

ಇಪ್ಪತ್ತೆರಡಕ್ಕೆ ಖಂಡಿತ ಬರುತ್ತೇನೆ. ಯಜಮಾನರಿಗೆ ಹೇಳಿದೆ. ನನ್ನ ಕುರ್ಚಿಯನ್ನು ಗೋಡೆಗೆ ಒರಗಿಸಿ ಇಟ್ಟರು.

ಪತ್ರಗಳನ್ನು ಪೂರ್ತಿ ಕೊಟ್ಟೆಯಾ? ಎಲ್ಲವನ್ನೂ? ಇರಲಿ.

ಮುಖ ತೀರಾ ಸಣ್ಣದು, ಕಡಲೆಬೇಳೆಯಷ್ಟು. ಏನೂ ಕಾಣುತ್ತಿರಲಿಲ್ಲ.

ಗೀಚ


ಆಗಸ್ಟ್ ೨

ಅಕ್ಕ,

ನಿನ್ನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿದ್ದರು. ಒಳಗೆ ಏನಾಯಿತು ಎಂದು ನೀನು ಕೇಳಿದೆ, ‘ಹೇಳಿದೆ’ ಎಂದಷ್ಟೇ ಹೇಳಿ ಬಸ್ಸು ಹತ್ತಿದೆ. ಹತ್ತು ದಿನದಿಂದ ಬರೆಯುತ್ತೇನೆ, ಹರಿಯುತ್ತೇನೆ. ನಿನಗೆ ತೀರ್ಪು ಬರುವ ಮೊದಲು ನನ್ನಿಂದ ತಿಳಿಯಲಿ.

ಗೆರೆಚಿತ್ರ ಬಿಚ್ಚಿಟ್ಟೆ. ಭಾವ ಎಲ್ಲಿ ನಿಂತಿದ್ದರು, ಕಲ್ಲು ಎಲ್ಲಿತ್ತು ಎಂದು ತೋರಿಸಿದೆ. ಅಧಿಕಾರಿ ಗಮನ ಕೊಟ್ಟು ಕೇಳಿದರು. ಒಳ್ಳೆಯ ಮನುಷ್ಯ. ಆಮೇಲೆ ಕಂಪನಿಯ ವಕೀಲ ಎದ್ದ. ಸಿಟ್ಟಿಲ್ಲ, ಕೂಗಾಟವಿಲ್ಲ, ಬಹಳ ಮರ್ಯಾದೆಯಿಂದ ನನ್ನ ಮೊದಲ ಪತ್ರವನ್ನು ನನ್ನ ಕೈಗೇ ಕೊಟ್ಟ.

‘ಇದು ನಿಮ್ಮ ಬರಹಾನೇ ಅಲ್ವಾ?’

‘ಹೌದು ಸಾರ್.’

‘ಇಲ್ಲಿಂದ ಓದಿ.’

ಓದಿದೆ. ನಿಜ ತೆಗೆದು ಸುಳ್ಳು ತುಂಬುವುದೇ ನಿನ್ನ ತಮ್ಮನ ಹೊಟ್ಟೆಪಾಡು.

‘ಸುಳ್ಳು ಅಂದ್ರೆ ಏನು?’

‘ಅದು ನಮ್ಮ ಅಂಗಡಿ ಮಾತು ಸಾರ್. ಪ್ರತಿಬಿಂಬಕ್ಕೆ ಹಾಗಂತೀವಿ.’

‘ಇವತ್ತು ನೀವು ತಂದಿರೋ ಕಾಗದದಲ್ಲಿ ಏನಿದೆ?’

‘ಮಡ್ಗಾರ್ಡ್‌ನಲ್ಲಿ ಕಂಡ ಪ್ರತಿಬಿಂಬ.’

‘ಅಂದ್ರೆ ನಿಮ್ಮ ಅಂಗಡಿ ಮಾತಲ್ಲಿ?’

‘ಹೇಳಿ, ಬರ್ಕೋಬೇಕು’ ಎಂದರು ಅಧಿಕಾರಿ.

‘ಸುಳ್ಳು ಸಾರ್’ ಅಂದೆ. ಗುಮಾಸ್ತ ಬರೆದುಕೊಂಡ.

ನಾವು ಹಾಕುವುದಕ್ಕೆ ಸುಳ್ಳು ಅನ್ನುತ್ತೇವೆ, ಫೋಟೋದಲ್ಲಿ ತಾನಾಗಿ ಬೀಳುವುದು ನಿಜ, ಇದು ಆ ನಿಜದ ಗೆರೆ ಎಂದು ಬಿಡಿಸಿ ಹೇಳಿದೆ. ಹೇಳುತ್ತಾ ಹೋದ ಹಾಗೆ ನನಗೇ ಅದು ನೆಪದ ಹಾಗೆ ಕೇಳಿಸಿತು. ‘ಆಯ್ತು, ಹಾಗಾದ್ರೆ ಇದನ್ನೂ ಓದಿ’ ಎಂದು ಮಾರ್ಚಿನ ಪತ್ರ ಕೊಟ್ಟ. ‘ಅದರಲ್ಲಿ ಅಂಥದ್ದೇನೂ ಇಲ್ಲ, ಅಕ್ಕ, ಬರೀ ಆಕಾಶ.’ ‘ಮಾರ್ಚಲ್ಲಿ ಇಲ್ಲ ಅಂದ್ರಿ, ಈಗ ಇದೆ ಅಂತೀರಿ. ಸ್ವಂತ ಅಕ್ಕನಿಗೆ ಸುಳ್ಳು ಬರೆಯೋರು ನಮಗೆ ನಿಜ ಹೇಳ್ತೀರಾ?’ ಫೋಟೋ ಎಲ್ಲಿ ಎಂದ. ಕತ್ತರಿಸಿದೆ ಅಂದೆ. ಯಾರು ಕತ್ತರಿಸಲು ಹೇಳಿದ್ದು ಎಂದ. ಯಾರೂ ಹೇಳಿರಲಿಲ್ಲ, ಬೇಡ ಎಂದು ನೀನು ಹೇಳಿದ್ದೆ. ಯಜಮಾನರು ಮೊದಲೇ ಬಂದು, ಫೋಟೋದಲ್ಲಿ ಯಾರೂ ಇರಲಿಲ್ಲ ಎಂದು ಬರೆದುಕೊಟ್ಟು ಹೋಗಿದ್ದರು. ಜೂನಿನ ಪತ್ರ, ಪೋಸ್ಟರಿನ ಮುರಿದ ಮೂಲೆ, ಎಲ್ಲವನ್ನೂ ನೀನು ಸಿಟ್ಟು ಮಾಡಿಕೊಂಡ ಮೇಲೆ ಅಕ್ಕ ತಮ್ಮ ಸೇರಿ ಕಟ್ಟಿದ ಕಥೆ ಎಂದ ವಕೀಲ. ಮೂಲೆ ಮುರಿದದ್ದನ್ನು ನೀನು ಫೆಬ್ರವರಿಯಲ್ಲೇ ಬರೆದಿದ್ದೆ ಅಂದೆ, ಆದರೆ ಆ ಪತ್ರವನ್ನು ನಾನು ಉಳಿಸಿಕೊಂಡಿರಲಿಲ್ಲ.

ಕೊನೆಗೆ ಏಪ್ರಿಲ್ ಪತ್ರ ತೆಗೆದ. ಅದನ್ನು ಅವನೇ ಓದಿದ. ಭಾವನಿಗೂ ಒಂದು ದಿನ ಕಾಲು ಜಾರಿರಬಹುದು. ಅಲ್ಲಿಯವರೆಗೆ ಬರೆಯುತ್ತಿದ್ದ ಅಧಿಕಾರಿ ತಲೆ ಎತ್ತಿ ನನ್ನನ್ನು ನೋಡಿದರು. ‘ಇದನ್ನೂ ನೀವೇ ಬರೆದ್ರಾ?’ ಎಂದು ಮೆಲ್ಲಗೆ ಕೇಳಿದರು. ಹೌದು ಅಂದೆ. ಪೆನ್ನಿನ ಮುಚ್ಚಳ ಹಾಕಿದರು.

ಮಾತು ಆಡಿದರೆ ಹೋಯಿತು ಅನ್ನುತ್ತಾರೆ. ಬರೆದರೆ ಹೋಗುವುದೂ ಇಲ್ಲ, ಕಟ್ಟಿಟ್ಟುಕೊಂಡು ಕಾಯುತ್ತದೆ. ಅಕ್ಕ, ಭಾವನನ್ನು ನಾನು ಎರಡು ಸಲ ಅಳಿಸಿದೆ.

ಗೀಚ


ನವೆಂಬರ್ ೧೯

ಗೀಚ,

ತೀರ್ಪು ಸೆಪ್ಟೆಂಬರಿನಲ್ಲೇ ಬಂತು. ಮೃತನು ಆ ದಿನ ಸ್ಥಳದಲ್ಲಿದ್ದನೆಂಬುದಕ್ಕೆ ನಂಬಲರ್ಹ ಆಧಾರವಿಲ್ಲ. ಮದ್ಯಪಾನದ ಸ್ಥಿತಿಯಲ್ಲಿ ರಸ್ತೆ ಅಪಘಾತ. ಒಂದೂವರೆ ಪುಟ. ಜೊತೆಗೆ ನಿನ್ನ ಪತ್ರಗಳನ್ನೂ ವಾಪಸ್ ಕೊಟ್ಟರು, ಒಂದರಿಂದ ನಾಲ್ಕರವರೆಗೆ ನಂಬರ್ ಹಾಕಿ. ಅವನ್ನು ಬೇರೆ ಲಕೋಟೆಯಲ್ಲಿ ಕಳಿಸುತ್ತಿದ್ದೇನೆ. ಮನೆಯಲ್ಲಿ ಇಟ್ಟುಕೊಳ್ಳಲು ಆಗುವುದಿಲ್ಲ.

ನಿನ್ನ ಆಗಸ್ಟ್ ಪತ್ರಕ್ಕೆ ಉತ್ತರ ಬರೆಯಲಿಲ್ಲ. ಏನು ಬರೆಯಲಿ? ಕಟ್ಟನ್ನು ಕೊಟ್ಟವಳು ನಾನು. ಅದರಲ್ಲಿ ನೀನು ಏನೇನು ಬರೆದಿದ್ದೀಯ ಎಂದು ನನಗೆ ಬಾಯಿಪಾಠವಿತ್ತು. ಆದರೂ ಕೊಟ್ಟೆ. ತಮ್ಮನ ಕೈಬರಹ ಎಂದರೆ ಆಧಾರ ಎಂದೇ ಅಂದುಕೊಂಡಿದ್ದೆ.

ಈಗ ನಾನು ಒಂದು ಕೆಲಸ ಮಾಡುತ್ತಿದ್ದೇನೆ. ಬಸ್ ನಿಲ್ದಾಣದ ಪೋಸ್ಟರ್ ಇನ್ನೂ ಇದೆ. ಅದರ ಮಡ್ಗಾರ್ಡ್ ನನ್ನ ಭುಜದ ಎತ್ತರಕ್ಕೆ ಬರುತ್ತದೆ. ಒಂದು ಬೆಳಗ್ಗೆ ಮಗಳನ್ನು ಶಾಲೆಗೆ ಬಿಟ್ಟು ಬರುವಾಗ ಅವಳ ಪೆನ್ಸಿಲ್ ತೆಗೆದು ಆ ಬಿಳಿ ಬೆಳಕಿನ ಕೆಳಗೆ ಎರಡು ಗೆರೆ ಎಳೆದೆ. ಕಾಲು. ಮೇಲೆ ಒಂದು ಸೊನ್ನೆ. ತಲೆ. ಯಾರೋ ಹೆಂಗಸು ‘ಏನ್ರೀ ಅದು?’ ಅಂದಳು. ‘ನಮ್ಮ ಮನೆಯವ್ರು’ ಅಂದೆ. ಹುಚ್ಚಿ ಎಂದುಕೊಂಡು ಹೋದಳೇನೋ. ಸಂಜೆ ಮಗಳಿಗೆ ತೋರಿಸಿದೆ. ಅವಳು ಬಹಳ ಹೊತ್ತು ನೋಡಿ, ‘ಹೊಟ್ಟೆ ಬರೀಲಿಲ್ಲ ನೀನು’ ಅಂದಳು. ಹೊಟ್ಟೆ ಹಲಗೆಯ ಹಿಂದೆ ಇದೆ ಎಂದೆ.

ಈ ಊರಿನಲ್ಲಿ ಅದೇ ಪೋಸ್ಟರ್ ಒಂಬತ್ತು ಕಡೆ ಇದೆ. ಎಲ್ಲ ಕಡೆಯೂ ಬರೆದೆ. ನಿನ್ನ ಹಾಗೆ ಬರುವುದಿಲ್ಲ, ಅಂಗನವಾಡಿ ಮಕ್ಕಳ ಚಿತ್ರದ ಹಾಗಿದೆ. ಒಂದು ಪೋಸ್ಟರ್‌ನಲ್ಲಾದರೂ ಬಿಟ್ಟುಬಿಡು ಎಂದು ಅವರು ಕೇಳಿದ್ದರಲ್ಲ.

ಕಷ್ಟ ಏನೆಂದರೆ ಪೆನ್ಸಿಲ್ ಆ ನುಣುಪಿನ ಮೇಲೆ ನಿಲ್ಲುವುದಿಲ್ಲ. ಎರಡು ದಿನಕ್ಕೆ ಅಳಿಸಿಹೋಗುತ್ತದೆ, ಮಳೆ ಬಂದರೆ ಆವತ್ತೇ. ಅದರ ಮೇಲೆ ಯಾವ ಬಣ್ಣ ನಿಲ್ಲುತ್ತದೆ ಎಂದು ನಿನಗೆ ಗೊತ್ತಿರುತ್ತದೆ. ಅದೊಂದನ್ನು ಬರೆದು ತಿಳಿಸು. ಬೇರೆ ಏನೂ ಬರೆಯಬೇಡ.

ಅಕ್ಕ


ನವೆಂಬರ್ ೨೭

ಅಕ್ಕ,

ಕಪ್ಪು ಎನಾಮಲ್. ಬಾಗಿಲು ಕಿಟಕಿಗೆ ಬಳಿಯುವುದೇ, ಸಣ್ಣ ಡಬ್ಬ ಸಾಕು. ಮೊದಲು ಒಣ ಬಟ್ಟೆಯಿಂದ ಧೂಳು ಒರೆಸು, ತೆಳುವಾಗಿ ಒಂದು ಕೈ ಹಾಕಿ ಒಣಗಲು ಬಿಡು, ಆಮೇಲೆ ಇನ್ನೊಂದು ಕೈ.

ತಲೆಯನ್ನು ನೇರ ಬರೆಯಬೇಡ, ಸ್ವಲ್ಪ ಕೆಳಗೆ ಬಾಗಿಸು. ಮುಖ ಕಾಣುತ್ತಿರಲಿಲ್ಲ ಎಂದು ಬರೆದಿದ್ದೆ, ಕಾಣುತ್ತಿತ್ತು. ಅವರು ಕ್ಯಾಮೆರಾ ಕಡೆ ನೋಡುತ್ತಿರಲಿಲ್ಲ. ಚಕ್ರ ನೋಡುತ್ತಿದ್ದರು.